ಮನೆ ಸೈಟಿಗೆ ಬೇಲಿ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿಗೆ ಅಥವಾ ಮನೆ ಸುತ್ತ ಬೇಲಿ ಹಾಕಿಸುವವರು ಮೊದಲು ಕೇಳುವುದು "ರನ್ನಿಂಗ್ ಫೂಟಿಗೆ ಎಷ್ಟು?" ಅಂತ. ಆದರೆ ಬೇಲಿ ಎಷ್ಟು ವರ್ಷ ನಿಲ್ಲುತ್ತದೆ ಅನ್ನುವುದು ನೆಲದ ಕೆಳಗೆ ಹೋಗುವ ಎರಡು-ಮೂರು ಅಡಿಯಲ್ಲಿದೆ. ಅಲ್ಲಿ ಏನು ತುಂಬಿದರು ಎಂಬುದು ಕೆಲಸ ಮುಗಿದ ಮೇಲೆ ಯಾರಿಗೂ ಕಾಣುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಕಾಂಟ್ರಾಕ್ಟರನ್ನು ಕರೆಯುವ ಮೊದಲು ನಾವು ಏನು ಮಾಡಿಟ್ಟುಕೊಳ್ಳಬೇಕು?

ನಿಮ್ಮ ಹದ್ದು ಎಲ್ಲಿದೆ ಎಂದು ನೀವೇ ಖಚಿತ ಮಾಡಿಕೊಳ್ಳಿ. ಕಾಂಟ್ರಾಕ್ಟರ್ ನೀವು ತೋರಿಸಿದ ಕಡೆ ತಗ್ಗು ತೋಡುತ್ತಾನೆ. ಗೆರೆ ತಪ್ಪಿದರೆ ಜವಾಬ್ದಾರಿ ನಿಮ್ಮದೇ ಆಗುತ್ತದೆ.

ಕ್ರಯಪತ್ರದಲ್ಲಿರುವ ಚಕ್ಕುಬಂದಿ, ಲೇಔಟ್ ನಕ್ಷೆ, ಖಾತೆಯಲ್ಲಿ ನಮೂದಾದ ಅಳತೆ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಂಚಾಯಿತಿ ವ್ಯಾಪ್ತಿಯ ಸೈಟಾದರೆ ಇ-ಸ್ವತ್ತಿನ ನಮೂನೆಯಲ್ಲಿರುವ ಅಳತೆಯೂ ಹೊಂದಬೇಕು. ಒಂದು ಕಾಗದದಲ್ಲಿ 30×40, ಇನ್ನೊಂದರಲ್ಲಿ 29×40 ಇದ್ದರೆ ಬೇಲಿಗೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಆಮೇಲೆ ಟೇಪು ಹಿಡಿದು ಸೈಟಿಗೆ ಹೋಗಿ. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. 30×40 ಸೈಟಿನ ಮೂಲೆ ಅಳತೆ ಸರಿಯಾಗಿ 50 ಅಡಿ ಬರಬೇಕು. 40×60ಕ್ಕೆ 72 ಅಡಿ 1 ಇಂಚಿಗಿಂತ ಒಂಚೂರು ಹೆಚ್ಚು. ಎದುರುಬದುರು ಬದಿಗಳು ಸಮವಿದ್ದು ಎರಡೂ ಮೂಲೆ ಅಳತೆ ಒಂದೇ ಬಂದರೆ ಸೈಟಿನ ನಾಲ್ಕೂ ಮೂಲೆ ಲಂಬಕೋನದಲ್ಲಿವೆ. ಒಂದು 49 ಅಡಿ, ಇನ್ನೊಂದು 51 ಅಡಿ ಬಂದರೆ ಯಾವುದೋ ಕಲ್ಲು ಜರುಗಿದೆ ಅಥವಾ ಸೈಟೇ ಓರೆಯಾಗಿದೆ. ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ, ಸ್ಟೀಲ್ ಟೇಪಿನಲ್ಲೇ ಅಳೆಯಿರಿ. ನಡುವೆ ಜೋತುಬೀಳದಂತೆ ಇಬ್ಬರು ಬಿಗಿಯಾಗಿ ಹಿಡಿಯಬೇಕು.

ಹದ್ದಿನ ಕಲ್ಲೇ ಸಿಗುತ್ತಿಲ್ಲ. ಪಕ್ಕದವರು ತೋರಿಸಿದ ಗೆರೆ ನಂಬಬಹುದೇ?

ಬೇಡ. ಲೇಔಟಿನ ಸೈಟಾದರೆ ಅನುಮೋದಿತ ನಕ್ಷೆ ಇಟ್ಟುಕೊಂಡು, ರಸ್ತೆಯ ಮೂಲೆಯಿಂದ ಅಥವಾ ಕದಲದೆ ಉಳಿದಿರುವ ಯಾವುದಾದರೂ ಕಲ್ಲಿನಿಂದ ಅಳೆದು ಬನ್ನಿ. ಸರ್ವೆ ನಂಬರಿನ ಜಮೀನಾದರೆ ಭೂಮಾಪನ ಇಲಾಖೆಗೆ ಹದ್ದುಬಸ್ತು ಅರ್ಜಿ ಹಾಕಿ. ಅಳತೆಗೆ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ, ಹಾಗಾಗಿ ಆ ದಿನ ಹಾಕಿದ ಗುರುತಿಗೆ ತೂಕ ಹೆಚ್ಚು. ಕಾಯಲು ಬೇಸರವಾಗಿ ಅಂದಾಜಿನಲ್ಲಿ ಹಾಕಿಸಿದ ಬೇಲಿಯನ್ನು ಕಿತ್ತು ಮತ್ತೆ ಹಾಕಿಸುವುದಕ್ಕೆ ದುಪ್ಪಟ್ಟು ಖರ್ಚು ಬೀಳುತ್ತದೆ, ಪಕ್ಕದವರ ಜೊತೆಗಿನ ಮಾತೂ ಕೆಡುತ್ತದೆ.

ಬೇಲಿ ಸರಿಯಾಗಿ ಗೆರೆಯ ಮೇಲೆ ಬರಬೇಕೋ, ಒಳಗೋ?

ಪಕ್ಕದವರೊಂದಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಪೂರ್ತಿ ಒಳಗೆ. ಇಲ್ಲಿ ಜನ ಮರೆಯುವುದು ತಗ್ಗಿನ ಅಗಲವನ್ನು. ಕಂಬ 4 ಇಂಚಿನದಾದರೂ ಕೆಳಗಿನ ಕಾಂಕ್ರೀಟು 15 ಇಂಚು ಅಗಲ ಇರುತ್ತದೆ. ಕಂಬದ ನಡುಗೆರೆ ಹದ್ದಿನಿಂದ 8 ಇಂಚು ಒಳಗಿದ್ದರೆ ಮಾತ್ರ ಕಾಂಕ್ರೀಟು ನಿಮ್ಮ ನೆಲದಲ್ಲಿ ಉಳಿಯುತ್ತದೆ. ತಗ್ಗು 18 ಇಂಚು ಅಗಲವಿರುವ ಕಡೆ (ಎರಿಭೂಮಿ, ಗೇಟುಕಂಬ) 9 ಇಂಚಿಗಿಂತ ಹೆಚ್ಚು ಒಳಗೆ ಬರಬೇಕು. ದಾರ ಕಟ್ಟುವಾಗ ಎರಡು ದಾರ ಕಟ್ಟಿಸಿ: ಒಂದು ಹದ್ದಿನದು, ಇನ್ನೊಂದು ಕಂಬದ್ದು. 40 ಅಡಿ ಬದಿಯಲ್ಲಿ 8 ಇಂಚು ಬಿಟ್ಟರೆ ಸುಮಾರು 27 ಚದರ ಅಡಿ ಹೊರಗೆ ಉಳಿಯುತ್ತದೆ. ಆ ಪಟ್ಟಿ ನಿಮ್ಮದೇ ಎಂದು ತೋರಿಸಲು ಮೂಲೆಯ ಹದ್ದಿನ ಕಲ್ಲನ್ನು ಕೀಳದೆ ಬಿಡಿ.

ಪಕ್ಕದವರೂ ಅರ್ಧ ಹಣ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಬಹುದೇ?

ಖಂಡಿತ, ಖರ್ಚೂ ಜಾಗವೂ ಉಳಿಯುತ್ತದೆ. ಆದರೆ ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿ. ಬೇಲಿ ಗೆರೆಯ ಮೇಲಿದೆ, ಇಬ್ಬರಿಗೂ ಸೇರಿದ್ದು, ರಿಪೇರಿ ಅರ್ಧರ್ಧ, ಒಬ್ಬರು ಮುಂದೆ ಗೋಡೆ ಕಟ್ಟುವುದಾದರೆ ಹೇಗೆ, ಇಷ್ಟು ಸಾಕು. ಸೈಟು ಮಾರಿಹೋಗಿ ಹೊಸಬರು ಬಂದಾಗ ಕೆಲಸಕ್ಕೆ ಬರುವುದು ಈ ಕಾಗದವೇ.

ಅನುಮತಿ ಬೇಕೇ?

ಇಟ್ಟಿಗೆ ಅಥವಾ ಕಲ್ಲಿನ ಕಾಂಪೌಂಡ್ ಗೋಡೆಯಾದರೆ ನಿಮ್ಮ ಪಾಲಿಕೆ, ನಗರಸಭೆ, ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ. ಎತ್ತರ ಮತ್ತು ರಸ್ತೆ ಅಂಚಿನ ನಿಯಮ ಅವರೇ ಹೇಳಬೇಕು. ತಂತಿ ಬೇಲಿಯಾದರೂ ಚರಂಡಿಯ ಮೇಲೆ, ರಸ್ತೆಯ ಜಾಗದಲ್ಲಿ ಕಂಬ ನಿಲ್ಲಿಸಬೇಡಿ. ಗೇಟು ಒಳಕ್ಕೇ ತೆರೆಯಬೇಕು. ಜೆಸ್ಕಾಂನ ಕರೆಂಟು ಕಂಬಕ್ಕಾಗಲಿ ಅದನ್ನು ಎಳೆದು ಕಟ್ಟಿದ ಸ್ಟೇ ವೈರಿಗಾಗಲಿ ಬೇಲಿ ತಂತಿ ಸುತ್ತುವುದು ಜೀವಕ್ಕೆ ಅಪಾಯ. ಬೇಲಿ ಇಡೀ ಉದ್ದಕ್ಕೂ ಲೋಹವಾದ್ದರಿಂದ ಒಂದು ಮೂಲೆಯಲ್ಲಿ ಸೋರಿದ ಕರೆಂಟು ಇನ್ನೊಂದು ಮೂಲೆಯಲ್ಲಿ ಮುಟ್ಟಿದವರಿಗೂ ಹೊಡೆಯುತ್ತದೆ.

ಎರಿಭೂಮಿಯಲ್ಲಿ ಹಾಕಿದ ಕಂಬಗಳು ಎರಡೇ ವರ್ಷಕ್ಕೆ ವಾಲುತ್ತವೆ. ಯಾಕೆ?

ಸಿಂಧನೂರು, ಮಾನ್ವಿ, ಸಿರುಗುಪ್ಪ, ಕಾರಟಗಿ ಕಡೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನೀವೇ ನೋಡಿದ್ದೀರಿ. ಮಳೆ ಬಿದ್ದಾಗ ಉಬ್ಬಿದ ಮಣ್ಣು ಕಾಂಕ್ರೀಟಿನ ಬದಿಯನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎತ್ತುತ್ತದೆ. ಒಣಗಿದಾಗ ಸುತ್ತ ಸಂದಿ ಬಿಟ್ಟು ಹಿಂದೆ ಸರಿಯುತ್ತದೆ. ಎತ್ತಿದ ಕಂಬ ಮತ್ತೆ ಅದೇ ಜಾಗಕ್ಕೆ ಇಳಿಯುವುದಿಲ್ಲ, ಏಕೆಂದರೆ ತಳಕ್ಕೆ ಮಣ್ಣು ಜಾರಿ ಕೂತಿರುತ್ತದೆ. ಹೀಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮೇಲೆದ್ದು, ತಂತಿಯ ಎಳೆತ ಇರುವ ಕಡೆಗೆ ವಾಲುತ್ತದೆ.

ತಗ್ಗಿನ ಆಕಾರವೂ ಇದನ್ನು ಹೆಚ್ಚಿಸುತ್ತದೆ. ಹಾರೆಯಲ್ಲಿ ತೋಡಿದ ತಗ್ಗು ಸಹಜವಾಗಿ ಮೇಲೆ ಅಗಲ, ಕೆಳಗೆ ಚೂಪು ಆಗುತ್ತದೆ. ಅದರಲ್ಲಿ ಕಾಂಕ್ರೀಟು ತುಂಬಿದರೆ ಬುಗುರಿ ಆಕಾರದ ಗಡ್ಡೆ ಸಿಗುತ್ತದೆ, ಉಬ್ಬುವ ಮಣ್ಣಿಗೆ ಅದನ್ನು ಎತ್ತುವುದು ತುಂಬ ಸುಲಭ. ಬೇಕಾದ್ದು ಇದರ ತಿರುಗುಮುರುಗು:

ತಗ್ಗು 3 ಅಡಿ ಆಳ. ತಳದ ಒಂದು ಅಡಿ 18 ಇಂಚು ಅಗಲ, ಅದರ ಮೇಲಿನ ಎರಡು ಅಡಿ 12 ಇಂಚು ಅಗಲ. ತಳ ಅಗಲವಾಗಿದ್ದರೆ ಮೇಲಿನ ಮಣ್ಣಿನ ತೂಕವೇ ಅದನ್ನು ಒತ್ತಿ ಹಿಡಿಯುತ್ತದೆ. ಮೇಲಿನ ಭಾಗದಲ್ಲಿ ಕಾಂಕ್ರೀಟಿನ ಬದಿ ನುಣುಪಾಗಿರಬೇಕು. ಹಳೆ ಪಿವಿಸಿ ಪೈಪಿನ ತುಂಡನ್ನೋ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಒಳಗೆ ಸುತ್ತಿಟ್ಟು ತುಂಬಿದರೆ ಮಣ್ಣಿಗೆ ಹಿಡಿತ ಸಿಗುವುದಿಲ್ಲ. ಕಾಂಕ್ರೀಟಿನ ಸುತ್ತ ಉಳಿದ ಸಂದಿಗೆ ಅದೇ ಎರಿ ಮಣ್ಣು ತುಂಬದೆ ಗರಸು ತುಂಬಿ ದಮ್ಮಸ್ಸು ಮಾಡಿಸಿ. ನೆಲದ ಮಟ್ಟದಲ್ಲಿ ಕಾಂಕ್ರೀಟು ಅಣಬೆಯಂತೆ ಹರಡಿ ಕೂರಲು ಬಿಡಬೇಡಿ; ಆ ಅಂಚನ್ನೇ ಹಿಡಿದು ಮಣ್ಣು ಎತ್ತುತ್ತದೆ. ಮೇಲ್ಭಾಗ ನೆಲಕ್ಕಿಂತ ಎರಡು ಇಂಚು ಎದ್ದು, ನೀರು ಹೊರಗೆ ಹರಿಯುವಂತೆ ಇಳಿಜಾರಿರಲಿ.

ಎರಿಯಲ್ಲಿ ಕಂಬದ ಉದ್ದ 8 ಅಡಿ ಬೇಕು: ಮೇಲೆ 5, ಕೆಳಗೆ 3. ಅನೇಕರು 7 ಅಡಿ ಕಂಬದ ಕೊಟೇಶನ್ ಕೊಟ್ಟು ಅಗ್ಗ ಎಂದು ತೋರಿಸುತ್ತಾರೆ.

ಮಸಾರಿ ನೆಲದಲ್ಲಿ, ಅಂದರೆ ಸಂಡೂರಿನ ಕಡೆ ಮತ್ತು ಕೊಪ್ಪಳ, ಕುಷ್ಟಗಿಯ ಕೆಂಪು ನೆಲದಲ್ಲಿ, ಇಷ್ಟು ಕಷ್ಟವಿಲ್ಲ. 15 ಇಂಚು ಚೌಕ, 2 ಅಡಿ ಆಳ ಸಾಕು. ಅಲ್ಲಿಯ ತೊಂದರೆ ಬೇರೆ: ಒಂದೂವರೆ ಅಡಿಗೇ ಬಂಡೆ ಸಿಗುತ್ತದೆ. ಆಗ ಕಂಬ ಕತ್ತರಿಸಿ ಗಿಡ್ಡ ಮಾಡುವುದಲ್ಲ. ಬಂಡೆಗೆ ಡ್ರಿಲ್ ಹೊಡೆದು 12 ಮಿ.ಮೀ. ಸರಳು ಕೂರಿಸಿ ಕಾಂಕ್ರೀಟಿಗೆ ಸೇರಿಸಬೇಕು. ಬಂಡೆ ಬಂದರೆ ಹೆಚ್ಚುವರಿ ದರ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ, ಅರ್ಧ ಕೆಲಸದಲ್ಲಿ ಜಗಳವಾಗುವುದು ಇದಕ್ಕೇ.

ಕಾಲುವೆ ಪಕ್ಕದ ಸವಳು ಜಾಗಕ್ಕೆ ಯಾವ ಕಂಬ?

ಕಲ್ಲಿನ ಕಂಬ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಉಪ್ಪು ಮೇಲೆ ಬಂದ ಜಾಗಗಳಲ್ಲಿ ಕಬ್ಬಿಣದ ಆಂಗಲ್ ನೆಲದ ಮಟ್ಟದಲ್ಲೇ ತಿಂದುಹೋಗುತ್ತದೆ. ಮೇಲೆ ಬಣ್ಣ ಚೆನ್ನಾಗಿ ಕಾಣುತ್ತಿರುತ್ತದೆ, ಮಣ್ಣಿಗೆ ತಾಗುವ ಎರಡು ಇಂಚಿನಲ್ಲಿ ಹಾಳೆಯಂತೆ ಪದರ ಏಳುತ್ತದೆ. ಸಿಮೆಂಟ್ ಕಂಬದ ಒಳಗಿನ ಸರಳೂ ತುಕ್ಕು ಹಿಡಿದು ಕಂಬವನ್ನು ಸೀಳುತ್ತದೆ. ಆಂಗಲ್ಲೇ ಬೇಕೆಂದರೆ ನೆಲದ ಮೇಲೆ ಆರು ಇಂಚು, ಕೆಳಗೆ ಆರು ಇಂಚು ಡಾಂಬರು ಬಳಿಸಿ, ಕಾಂಕ್ರೀಟನ್ನು ನೆಲಕ್ಕಿಂತ ಮೇಲೆ ತನ್ನಿ.

ಕಂಬ ಒಳ್ಳೆಯದೋ ಕೆಟ್ಟದ್ದೋ ಹೇಗೆ ತಿಳಿಯುವುದು?

ಕಲ್ಲಿನ ಕಂಬವನ್ನು ಎರಡು ತುಂಡು ಮರದ ಮೇಲೆ ಅಡ್ಡ ಮಲಗಿಸಿ, ಸಣ್ಣ ಸುತ್ತಿಗೆಯಿಂದ ತುದಿಯಿಂದ ತುದಿಗೆ ತಟ್ಟುತ್ತಾ ಹೋಗಿ. ಒಳ್ಳೆಯ ಕಲ್ಲು ಗಂಟೆಯಂತೆ ಠಣ್ ಎನ್ನುತ್ತದೆ. ಒಳಗೆ ಸೀಳಿದ್ದರೆ ಆ ಜಾಗದಲ್ಲಿ ಸದ್ದು ಮಡಕೆ ಒಡೆದಂತೆ ಬೊದ್ದಾಗುತ್ತದೆ. ಅನುಮಾನ ಬಂದ ಕಡೆ ನೀರು ಸುರಿದು ಒರೆಸಿ. ಕಲ್ಲು ಒಣಗಿದರೂ ಸೀಳಿನ ಗೆರೆ ಮಾತ್ರ ಸ್ವಲ್ಪ ಹೊತ್ತು ಒದ್ದೆಯಾಗಿ ಉಳಿದು ಕೂದಲಿನಂತೆ ಕಾಣುತ್ತದೆ. ಅಂಥ ಕಂಬ ತಂತಿ ಎಳೆಯುವ ದಿನವೇ ಮುರಿಯಬಹುದು, ವಾಪಸು ಕಳಿಸಿ.

ಸಿಮೆಂಟ್ ಕಂಬದಲ್ಲಿ ನಾಲ್ಕೂ ಮೂಲೆಗೆ ಸರಳು ಇರಬೇಕು. ತುದಿ ನೋಡಿದರೆ ಎಣಿಸಬಹುದು. ಎರಕ ಹೊಯ್ದು ಮೂರು-ನಾಲ್ಕು ದಿನಕ್ಕೆ ಗಾಡಿ ಏರಿಸಿದ ಕಂಬಗಳನ್ನು ಉಗುರಿನಿಂದ ಕೆರೆದರೇ ಪುಡಿ ಬರುತ್ತದೆ. ಕನಿಷ್ಠ ಮೂರು ವಾರ ನೀರುಣಿಸಿದ್ದು ಬೇಕು.

ಕಬ್ಬಿಣದ ಆಂಗಲ್‌ಗೆ ತಕ್ಕಡಿಯೇ ಪರೀಕ್ಷೆ. 40×40×5 ಮಿ.ಮೀ. ಆಂಗಲ್ ಮೀಟರಿಗೆ ಸುಮಾರು 3 ಕೆಜಿ ತೂಗುತ್ತದೆ. 8 ಅಡಿಯ ತುಂಡು 7.3 ಕೆಜಿ ಆಸುಪಾಸು ಬರಬೇಕು. ಐದೂವರೆ ಕೆಜಿ ಬಂದರೆ ದಪ್ಪ ಐದಲ್ಲ.

ಜಾಲರಿಯಲ್ಲಿ 'ಗೇಜ್' ಅಂದರೆ ಏನು? ಹೆಚ್ಚಿದ್ದರೆ ಒಳ್ಳೆಯದೇ?

ತದ್ವಿರುದ್ಧ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣ. 8 ಗೇಜ್ ಸುಮಾರು 4 ಮಿ.ಮೀ., 10 ಗೇಜ್ 3.25, 12 ಗೇಜ್ 2.64, 14 ಗೇಜ್ ಬರೀ 2 ಮಿ.ಮೀ. ಮನೆಗೆ 2 ಇಂಚು ಕಣ್ಣಿನ 10 ಗೇಜ್ ಜಾಲರಿ ಹಾಕಿಸಿ. ಖಾಲಿ ಸೈಟು ಕಾಯುವುದಕ್ಕೆ ಮಾತ್ರವಾದರೆ 12 ನಡೆಯುತ್ತದೆ. 14 ಗೇಜ್ ಮೇಲೆ ಒಮ್ಮೆ ಯಾರಾದರೂ ಹತ್ತಿದರೆ ಜೋಲುಬಿದ್ದು ಹಾಗೇ ಉಳಿಯುತ್ತದೆ.

ತಂತಿಯ ದಪ್ಪ ಅಳೆಯುವ ವರ್ನಿಯರ್ ಇಲ್ಲದಿದ್ದರೂ ತೂಕದಿಂದ ಹಿಡಿಯಬಹುದು. 5 ಅಡಿ ಎತ್ತರ, 50 ಅಡಿ ಉದ್ದದ ಒಂದು ರೋಲು 10 ಗೇಜ್ ಆದರೆ 64 ಕೆಜಿ ಆಸುಪಾಸು, 12 ಆದರೆ 42, 14 ಆದರೆ 25. ಎರಡೂವರೆ, ಮೂರು ಇಂಚಿನ ಕಣ್ಣಾದರೆ ತೂಕ ಇಳಿಯುತ್ತದೆ, ಹಾಗಾಗಿ ಕಣ್ಣನ್ನೂ ಅಳೆಯಿರಿ. "10 ಗೇಜ್" ಎಂದು ಹೇಳಿ 12 ತಂದಿಳಿಸುವುದು ಈ ಕೆಲಸದಲ್ಲಿ ಬಹಳ ಸುಲಭವಾಗಿ ನಡೆಯುವ ಮೋಸ. ನೇತುಹಾಕಿದ ಮೇಲೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ರೋಲು ಇಳಿಸುವ ಮೊದಲು ಹತ್ತಿರದ ತೂಕದ ಕಟ್ಟೆಗೆ ಒಯ್ಯಿರಿ.

ಹಸಿರು ಪಿವಿಸಿ ಲೇಪದ ಜಾಲರಿ ಹೆಚ್ಚು ಬಾಳಿಕೆ ಬರುತ್ತದೆಯೇ?

ನಮ್ಮ ಬಿಸಿಲಿಗೆ ಅದರ ಮೇಲೆ ದುಡ್ಡು ಹಾಕಿ ಎಂದು ನಾವು ಹೇಳುವುದಿಲ್ಲ. ಅಗ್ಗದ ಲೇಪ ಕೆಲವೇ ಬೇಸಿಗೆಯಲ್ಲಿ ಬಣ್ಣಗೆಟ್ಟು ಬಿರಿಯುತ್ತದೆ, ಬಿರುಕಿನೊಳಗೆ ನೀರು ನಿಂತು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಪಿವಿಸಿ ದಪ್ಪವನ್ನೂ ಸೇರಿಸಿ "10 ಗೇಜ್" ಎನ್ನುವವರಿದ್ದಾರೆ. ಲೇಪ ಕೆರೆದರೆ ಒಳಗೆ 14 ಇರುತ್ತದೆ. ಅದೇ ಹಣಕ್ಕೆ ಒಳ್ಳೆಯ ಸತುವಿನ ಲೇಪದ ಜಿಐ ತಂತಿ ಸಿಗುತ್ತದೆ. ಚೈನ್ ಲಿಂಕ್ ಜಾಲರಿಗೆ ಐಎಸ್ 2721, ಮುಳ್ಳುತಂತಿಗೆ ಐಎಸ್ 278 ಎಂಬ ಭಾರತೀಯ ಮಾನಕಗಳಿವೆ, ಬಿಲ್ಲಿನಲ್ಲಿ ನಮೂದಿಸಲು ಕೇಳಿ.

ಇನ್ನೊಂದು ಮಾತು. ಸಂಡೂರು, ತೋರಣಗಲ್ಲು ಕಡೆ ಬೇಲಿ ಆರು ತಿಂಗಳಿಗೇ ಕೆಂಪಾಯಿತು ಎಂದು ಗಾಬರಿಯಾಗುವವರು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಒರೆಸಿದರೆ ಹೋಗುವುದು ಅದಿರಿನ ದೂಳು, ಉಳಿಯುವುದು ತುಕ್ಕು.

30×40 ಸೈಟಿಗೆ ಒಟ್ಟು ಎಷ್ಟು ಸಾಮಾನು ಬೇಕು?

ಸುತ್ತಳತೆ 140 ಅಡಿ. ಮುಂದಿನ 30 ಅಡಿಯಲ್ಲಿ 10 ಅಡಿಯ ಒಂದು ಗೇಟು ಎಂದಿಟ್ಟುಕೊಳ್ಳಿ, ಉಳಿದದ್ದು 130 ಅಡಿ ಜಾಲರಿ. ಕಂಬದಿಂದ ಕಂಬಕ್ಕೆ 8 ಅಡಿ ಮೀರಬಾರದು. 40 ಅಡಿಯ ಬದಿಗೆ ಐದೈದು ಅಂಕಣ (ಎರಡು ಕಂಬಗಳ ನಡುವಿನ ಜಾಗ), ಹಿಂಬದಿಗೆ ಏಳೂವರೆ ಅಡಿಯ ನಾಲ್ಕು, ಮುಂದೆ ಗೇಟಿನ ಒಂದು ಪಕ್ಕ 7 ಅಡಿಯದೊಂದು, ಇನ್ನೊಂದು ಪಕ್ಕ ಆರೂವರೆ ಅಡಿಯವೆರಡು.

ಲೆಕ್ಕ ಹೀಗೆ ಬರುತ್ತದೆ: ಮೂಲೆಕಂಬ 4, ಗೇಟುಕಂಬ 2, ಸಾಲುಕಂಬ 12, ಒಟ್ಟು 18. ಇದರ ಜೊತೆ ಕಂಬಕ್ಕೆ ಓರೆಯಾಗಿ ಆತುಕೊಡುವ ಒರಗುಕಂಬಗಳು: ಪ್ರತಿ ಮೂಲೆಗೆ ಎರಡು, ಪ್ರತಿ ಗೇಟುಕಂಬಕ್ಕೆ ಒಂದು, ಒಟ್ಟು 10. ಒರಗುಕಂಬ ಬಿಟ್ಟು ಕೊಟೇಶನ್ ಕೊಟ್ಟಿದ್ದರೆ ಅದು ಅಗ್ಗವಲ್ಲ, ಅಪೂರ್ಣ. ಜಾಲರಿಯ ಎಳೆತವೆಲ್ಲ ಮೂಲೆಗೆ ಬೀಳುವುದರಿಂದ ಒರಗು ಇಲ್ಲದ ಮೂಲೆ ಒಳಕ್ಕೆ ಬಾಗಿ ಎರಡೂ ಬದಿ ಸಡಿಲಾಗುತ್ತದೆ.

ಜಾಲರಿ 50 ಅಡಿಯ ರೋಲು 3. ಸುಮಾರು 20 ಅಡಿ ಉಳಿಯುತ್ತದೆ, ಅದಕ್ಕೂ ಹಣ ಕೊಟ್ಟಿದ್ದರೆ ಅದು ನಿಮ್ಮದು, ಮುಂದೆ ರಿಪೇರಿಗೆ ಇಟ್ಟುಕೊಳ್ಳಿ. ಮೇಲೆ, ನಡುವೆ, ಕೆಳಗೆ ಮೂರು ಸಾಲು 8 ಗೇಜ್ ತಂತಿ 390 ಅಡಿ, ತೂಕದಲ್ಲಿ 12-13 ಕೆಜಿ. ಕಟ್ಟುವ ತಂತಿ ಬೇರೆ.

ಕಾಂಕ್ರೀಟು 1:2:4ರ (ಸಿಮೆಂಟ್, ಉಸುಕು, ಕಡಿ) ಪ್ರಮಾಣದಲ್ಲಿ. ಮಸಾರಿ ನೆಲದಲ್ಲಿ ಸಿಮೆಂಟ್ 12 ಚೀಲದ ಆಸುಪಾಸು, ಉಸುಕು 30 ಘನ ಅಡಿ, 20 ಮಿ.ಮೀ. ಕಡಿ 60 ಘನ ಅಡಿ. ಎರಿಭೂಮಿಯ ಆಳದ ತಗ್ಗಿಗೆ ಸಿಮೆಂಟ್ 16 ಚೀಲ, ಉಸುಕು, ಕಡಿಯೂ ಅದೇ ಲೆಕ್ಕದಲ್ಲಿ ಏರುತ್ತವೆ. ನಿಮ್ಮ ಸೈಟಿಗೆ ಆರೇ ಚೀಲ ಬಂದಿಳಿದರೆ ಕೆಲಸ ಶುರುವಾಗುವ ಮೊದಲೇ ಕೇಳಿ. ಖಾಲಿ ಚೀಲಗಳನ್ನು ಎಣಿಸಿ ಇಟ್ಟುಕೊಳ್ಳುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ.

ಕೊಟೇಶನ್‌ಗಳನ್ನು ಹೋಲಿಸುವುದು ಹೇಗೆ?

ಮೂವರಿಂದ ತರಿಸಿ, ಮೂವರಿಗೂ ಒಂದೇ ಹಾಳೆ ಕೊಡಿ. ರನ್ನಿಂಗ್ ಫೂಟ್ ದರ ಒಂದನ್ನೇ ಕೇಳಿದರೆ ಒಬ್ಬ 7 ಅಡಿ ಕಂಬವನ್ನು 10 ಅಡಿಗೊಂದರಂತೆ ಲೆಕ್ಕ ಹಾಕಿರುತ್ತಾನೆ, ಇನ್ನೊಬ್ಬ 8 ಅಡಿ ಕಂಬವನ್ನು 8 ಅಡಿಗೊಂದರಂತೆ. ದರ ನೋಡಿದರೆ ಮೊದಲಿನವನೇ ಒಳ್ಳೆಯವನೆನಿಸುತ್ತದೆ. ಹಾಳೆಯಲ್ಲಿ ಇವಿಷ್ಟನ್ನು ತುಂಬಲು ಹೇಳಿ:

- ಕಂಬದ ಜಾತಿ, ಉದ್ದ, ದಪ್ಪ, ಅಂತರ, ಒಟ್ಟು ಸಂಖ್ಯೆ, ಒರಗುಕಂಬ ಎಷ್ಟು
- ತಗ್ಗಿನ ಅಗಲ, ಆಳ, ಕಾಂಕ್ರೀಟಿನ ಪ್ರಮಾಣ, ಸಿಮೆಂಟ್ ಚೀಲ
- ಜಾಲರಿಯ ಎತ್ತರ, ಕಣ್ಣು, ಗೇಜ್, ರೋಲಿನ ತೂಕ
- ಸಾಲು ತಂತಿ ಎಷ್ಟು, ಯಾವ ಗೇಜ್
- ಗೇಟಿನ ಅಳತೆ, ಪೈಪಿನ ದಪ್ಪ, ತೂಕ, ಬಣ್ಣ
- ಜಾಲಿ ಕಡಿಯುವುದು, ಹಳೆ ಬೇಲಿ ತೆಗೆಯುವುದು, ಉಳಿದ ಮಣ್ಣು ಸಾಗಿಸುವುದು ಯಾರ ಖರ್ಚು
- ಸಾಗಣೆ, ಹಮಾಲಿ, ಜಿಎಸ್‌ಟಿ ಸೇರಿದೆಯೋ ಇಲ್ಲವೋ

ಇದನ್ನು ತುಂಬಲು ಒಪ್ಪದೆ "ಅದೆಲ್ಲಾ ನಮಗ ಬಿಡ್ರಿ, ನಾವ್ ಮಾಡ್ತೀವಿ" ಎನ್ನುವವರ ಜೊತೆ ಮುಂದುವರಿಯಬೇಡಿ. ಕೆಲಸ ಗೊತ್ತಿರುವ ಮೇಸ್ತ್ರಿ ಈ ಅಂಕಿಗಳನ್ನು ನಿಂತಲ್ಲೇ ಹೇಳುತ್ತಾನೆ.

ಅವರು ಮೂರು ಮಳೆಗಾಲ ಕಳೆದಿರುವ ಒಂದು ಬೇಲಿ ತೋರಿಸಲಿ. ಹೋದ ತಿಂಗಳು ಮುಗಿಸಿದ ಕೆಲಸದಿಂದ ಏನೂ ತಿಳಿಯದು. ಅಲ್ಲಿಗೆ ಹೋದಾಗ ಮೂಲೆಕಂಬದ ಪಕ್ಕ ನಿಂತು ಸಾಲಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ: ಕಂಬಗಳ ತಲೆ ಒಂದೇ ಗೆರೆಯಲ್ಲಿವೆಯೇ, ಬುಡದಲ್ಲಿ ಕಾಂಕ್ರೀಟು ಮೇಲೆದ್ದಿದೆಯೇ.

ಲೇಬರ್ ಮಾತ್ರ ಕೊಡುವುದೋ, ಸಾಮಾನು ಸಹಿತವೋ?

ದಿನವೂ ಸೈಟಿನ ಹತ್ತಿರ ಇರಬಲ್ಲಿರಾದರೆ ಲೇಬರ್ ಮಾತ್ರ ಕೊಟ್ಟು ಸಾಮಾನು ನೀವೇ ತನ್ನಿ, ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದು ಊರಿನ ಸೈಟಿಗೆ ಹಾಕಿಸುವವರು ಸಾಮಾನು ಸಹಿತ ಕೊಡುವುದೇ ಸರಿ, ಆದರೆ ತಗ್ಗಿನ ದಿನ ಮಾತ್ರ ಬನ್ನಿ ಅಥವಾ ನಂಬಿಕಸ್ಥರನ್ನು ಕಳಿಸಿ.

ಅಡ್ವಾನ್ಸ್ ಎಷ್ಟು ಕೊಡಬೇಕು?

ಕೆಲಸಕ್ಕೆ ಮೊದಲು ಕಾಲು ಭಾಗಕ್ಕಿಂತ ಹೆಚ್ಚು ಬೇಡ, ಅದನ್ನೂ ಕಂಬ ಸೈಟಿಗೆ ಇಳಿದಾಗ ಕೊಡಿ. ಕಂಬ ನಿಂತು ಕಾಂಕ್ರೀಟು ಆದ ಮೇಲೆ ಇನ್ನೊಂದು ಕಂತು, ಜಾಲರಿ ಎಳೆದ ಮೇಲೆ ಮತ್ತೊಂದು. ಕೊನೆಯ ಹತ್ತರಲ್ಲೊಂದು ಭಾಗ ಮೊದಲ ದೊಡ್ಡ ಮಳೆಯವರೆಗೆ ನಿಮ್ಮ ಹತ್ತಿರ ಉಳಿಯಲಿ, ಇದನ್ನು ಒಪ್ಪಂದದಲ್ಲೇ ಬರೆಯಿರಿ. ಹಣ ಬ್ಯಾಂಕಿನ ಮೂಲಕ ಹೋದರೆ ದಾಖಲೆ ತಾನಾಗಿಯೇ ಉಳಿಯುತ್ತದೆ. ಕೂಲಿಯವರಿಗೆ ಪೆಟ್ಟಾದರೆ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ.

ತಗ್ಗು ತುಂಬುವ ದಿನ ನಾನು ನಿಂತು ಏನು ನೋಡಬೇಕು?

ಒಂದು ಕೋಲಿಗೆ ಬೇಕಾದ ಆಳಕ್ಕೆ ಬಣ್ಣದ ಗುರುತು ಹಾಕಿ, ಪ್ರತಿ ತಗ್ಗಿಗೂ ಇಳಿಸಿ ನೋಡಿ. ಮೊದಲ ನಾಲ್ಕು ತಗ್ಗು ಸರಿಯಿದ್ದು ಮಧ್ಯಾಹ್ನದ ಮೇಲಿನವು ಅರ್ಧ ಅಡಿ ಕಡಿಮೆಯಾಗುವುದು ಸಾಮಾನ್ಯ, ಬಿಸಿಲಿಗೆ ಗಟ್ಟಿಯಾದ ನೆಲ ತೋಡುವುದು ಕಷ್ಟದ ಕೆಲಸ. ತಳದಲ್ಲಿ ಸಡಿಲ ಮಣ್ಣು ಉಳಿದಿದ್ದರೆ ತೆಗೆಸಿ.

ಮೊದಲು ಮೂಲೆಕಂಬಗಳು ನಿಲ್ಲಬೇಕು. ಅವುಗಳ ತಲೆಗೊಂದು, ಬುಡಕ್ಕೊಂದು ದಾರ ಕಟ್ಟಿ ಸಾಲುಕಂಬ ಕೂರಿಸಬೇಕು. ತೂಕುಗುಂಡನ್ನು ಕಂಬದ ಎರಡು ಪಕ್ಕದಿಂದ ಹಿಡಿದು ನೋಡಬೇಕು, ಒಂದೇ ಕಡೆಯಿಂದ ನೋಡಿದರೆ ಇನ್ನೊಂದು ಕಡೆಗೆ ವಾಲಿರುವುದು ತಿಳಿಯದು. ತಗ್ಗಿಗೆ ಒಣ ಕಡಿ, ದೊಡ್ಡ ಕಲ್ಲು ಸುರಿದು ಮೇಲೆ ಸಿಮೆಂಟ್ ನೀರು ಹೊಯ್ಯುವುದು ಕಾಂಕ್ರೀಟಲ್ಲ. ಕಲಸಿದ್ದು ಉಂಡೆ ಕಟ್ಟಿದರೆ ಕೈಗಂಟುವಷ್ಟು ಗಟ್ಟಿ ಇರಬೇಕು, ಸಾರಿನಂತೆ ಹರಿಯಬಾರದು. ಸರಳಿನಿಂದ ಚುಚ್ಚಿ ಚುಚ್ಚಿ ಗಾಳಿ ತೆಗೆಸಿ.

ನಮ್ಮ ಬಿಸಿಲಿಗೆ ನೀರುಣಿಸದ ಕಾಂಕ್ರೀಟು ಮೇಲ್ಪದರ ಸುಟ್ಟಂತಾಗಿ ಬಿರಿಯುತ್ತದೆ. ಬುಡಕ್ಕೆ ಗೋಣಿ ಚೀಲ ಸುತ್ತಿ ಏಳು ದಿನ ಬೆಳಿಗ್ಗೆ-ಸಂಜೆ ನೀರು ಹಾಕಿ. ಅಷ್ಟು ದಿನ ತಂತಿ ಎಳೆಯಲೇಬಾರದು. "ನಾಳೆ ಬೇರೆ ಕೆಲಸ ಐತಿ, ಇವತ್ತೇ ಎಳದ್ ಬಿಡ್ತೀವಿ" ಎಂಬ ಮಾತಿಗೆ ಒಪ್ಪಿದರೆ ಹಸಿ ಕಾಂಕ್ರೀಟಿನೊಳಗೆ ಕಂಬ ಕದಲಿ ಶಾಶ್ವತವಾಗಿ ಸಡಿಲಾಗುತ್ತದೆ.

ಜಾಲರಿ ಜೋಲುಬೀಳದಂತೆ ಎಳೆಯುವುದು ಹೇಗೆ?

ಸಾಲು ತಂತಿ ಮೊದಲು, ಜಾಲರಿ ಆಮೇಲೆ. ಪ್ರತಿ ಸಾಲಿನ ಕೊನೆಗೆ ಬಿಗಿಗೊಳಿಸುವ ಬೋಲ್ಟು ಇರಲಿ. ಕೈಯಲ್ಲಿ ತಿರುಚಿ ಕಟ್ಟಿದ್ದನ್ನು ಮತ್ತೆ ಬಿಗಿ ಮಾಡಲು ಬರುವುದಿಲ್ಲ. 100 ಅಡಿ ತಂತಿ 20 ಡಿಗ್ರಿ ತಾಪ ಏರಿದರೆ ಸುಮಾರು 7 ಮಿ.ಮೀ. ಹಿಗ್ಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಎಳೆದದ್ದು ಏಪ್ರಿಲ್‌ನಲ್ಲಿ ಸ್ವಲ್ಪ ಸಡಿಲಾಗುವುದು ಸಹಜ, ಬೋಲ್ಟು ಎರಡು ಸುತ್ತು ತಿರುಗಿಸಿದರೆ ಆಯಿತು. ಎರಡು ರೋಲು ಸೇರಿಸುವಾಗ ತಂತಿಯಿಂದ ಹೊಲಿಯಬಾರದು. ಒಂದು ರೋಲಿನ ಕೊನೆಯ ಎಳೆಯನ್ನು ತಿರುಗಿಸಿ ಹೊರತೆಗೆದು, ಎರಡೂ ಅಂಚನ್ನು ಕೂಡಿಸಿ ಅದೇ ಎಳೆಯನ್ನು ಮತ್ತೆ ತಿರುಗಿಸುತ್ತ ಇಳಿಸಿದರೆ ಜೋಡಣೆ ಎಲ್ಲಿದೆ ಎಂದೇ ಕಾಣುವುದಿಲ್ಲ.

ಗೇಟು ಯಾಕೆ ಕೆಳಗೆ ಕೂರುತ್ತದೆ?

ಎರಡು ಕಾರಣ. ಗೇಟುಕಂಬಕ್ಕೂ ಸಾಲುಕಂಬದಷ್ಟೇ ತಗ್ಗು ತೋಡಿರುತ್ತಾರೆ. ಅದಕ್ಕೆ ಒಂದೂವರೆ ಅಡಿ ಚೌಕ, ಮೂರು ಅಡಿ ಆಳ ಬೇಕು, ನೆಲ ಯಾವುದೇ ಇರಲಿ. ಮೇಲಿನ ಲೆಕ್ಕಕ್ಕೆ ಇದರ ಸಿಮೆಂಟ್ ಸ್ವಲ್ಪ ಹೆಚ್ಚಿಗೆ ಸೇರಿಸಿಕೊಳ್ಳಿ. ಎರಡನೆಯದು ಗೇಟಿನ ಓರೆಪಟ್ಟಿ. ಪೈಪಿನ ಓರೆಪಟ್ಟಿ ಕೀಲಿನ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಹೋಗಬೇಕು, ಆಗ ಅದು ಭಾರವನ್ನು ಒತ್ತಿ ಹಿಡಿಯುತ್ತದೆ. ಸರಳು ಅಥವಾ ತಂತಿಯಾದರೆ ತಿರುಗಿಸಿ, ಕೀಲಿನ ಮೇಲ್ಮೂಲೆಯಿಂದ ಚಿಲಕದ ಕೆಳಮೂಲೆಗೆ. ಕಾರು ಬರುವುದಾದರೆ 10 ಅಡಿ ಅಗಲ, ಮುಂದಿನ ರಸ್ತೆ ಕಿರಿದಾಗಿದ್ದು ತಿರುಗಿಸಬೇಕಾದರೆ 12. ವೆಲ್ಡಿಂಗ್ ಆದ ಜಾಗದಲ್ಲಿ ಸತು ಸುಟ್ಟಿರುತ್ತದೆ, ಅಲ್ಲಿ ಜಿಂಕ್ ಪ್ರೈಮರ್ ಬಳಿಸಲು ಮರೆಯಬೇಡಿ.

ಮರೆಗಾಗಿ ಜಾಲರಿಗೆ ಹಸಿರು ನೆಟ್ ಅಥವಾ ತಗಡು ಕಟ್ಟಬಹುದೇ?

ಜಾಲರಿಯ ಮೂಲಕ ಗಾಳಿ ಹಾದುಹೋಗುತ್ತದೆ, ಅದಕ್ಕೇ ಸಣ್ಣ ಕಂಬ ಸಾಕಾಗುತ್ತದೆ. ಮುಚ್ಚಿದರೆ ಹಡಗಿನ ಹಾಯಿಯಂತಾಗುತ್ತದೆ. ಗಂಟೆಗೆ 90 ಕಿ.ಮೀ. ವೇಗದ ಗಾಳಿಗೆ 8×5 ಅಡಿಯ ಮುಚ್ಚಿದ ಅಂಕಣವೊಂದರ ಮೇಲೆ ಸುಮಾರು 140 ಕೆಜಿ ಭಾರದಷ್ಟು ಒತ್ತಡ ಬೀಳುತ್ತದೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಗೆ ಇಡೀ ಸಾಲು ಮಲಗುವುದು ಹೀಗೆ. ಮರೆ ಬೇಕೆಂದು ಮೊದಲೇ ತೀರ್ಮಾನಿಸಿ ಕಂಬದ ಅಂತರ 6 ಅಡಿಗೆ ಇಳಿಸಿ, ಆಳ ಹೆಚ್ಚಿಸಿ. ಇಲ್ಲವಾದರೆ ಒಳಬದಿಗೆ ಗಿಡ ಹಚ್ಚಿ.

ಹಂದಿ, ನಾಯಿ, ಆಡು ನುಗ್ಗದಂತೆ?

ಜಾಲರಿಯ ಕೆಳಗೆ ನಾಲ್ಕು ಇಂಚು ಸಂದಿಯಿದ್ದರೆ ಹಂದಿ ಮೂತಿಯಿಂದ ಎತ್ತಿ ದಾರಿ ಮಾಡಿಕೊಳ್ಳುತ್ತದೆ. ಕಂಬಗಳ ನಡುವೆ ಒಂದು ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಜಾಲರಿ ತರುವುದು ಗಟ್ಟಿ ಉಪಾಯ. ನೀರು ಹೋಗಲು ಅಲ್ಲಲ್ಲಿ ಪೈಪಿನ ತೂತು ಬಿಡಿ.

ಹದ್ದಿನುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿದೆ. ಕಡಿದರೆ ಸಾಕೇ?

ನೆಲಮಟ್ಟಕ್ಕೆ ಕಡಿದರೆ ಬೊಡ್ಡೆಯಿಂದ ಮೊದಲಿಗಿಂತ ಒತ್ತಾಗಿ ಚಿಗುರಿ ಜಾಲರಿಯೊಳಗೆ ನುಗ್ಗುತ್ತದೆ. ಮಣ್ಣು ಬಿಡಿಸಿ, ಬೇರಿನ ಕುತ್ತಿಗೆಯನ್ನು ಒಂದು ಅಡಿ ಕೆಳಗೆ ಕಡಿದು ತೆಗೆಸಬೇಕು. ಜೆಸಿಬಿ ತರಿಸಿದರೆ ಬೇರಿನ ಗುಂಡಿಗಳನ್ನು ತುಂಬಿ ದಮ್ಮಸ್ಸು ಮಾಡಿಸಿದ ನಂತರವೇ ಕಂಬದ ತಗ್ಗು ತೋಡಬೇಕು, ಸಡಿಲ ಮಣ್ಣಿನಲ್ಲಿ ಕಂಬ ನಿಲ್ಲದು.

ಬೇಲಿಗೆ ಕರೆಂಟು ಕೊಡಬಹುದೇ?

ಮನೆಯ ಲೈನಿನಿಂದ ನೇರವಾಗಿ ಕೊಡುವುದು ಅಪರಾಧ, ಪ್ರಾಣ ಹೋದರೆ ಜೈಲು. ಬೇಡವೇ ಬೇಡ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರುವರಿ. ಮಳೆ ಮುಗಿದು ನೆಲದಲ್ಲಿ ಹದ ಇರುತ್ತದೆ, ತೋಡುವುದು ಹಗುರ, ಕಾಂಕ್ರೀಟಿಗೂ ಉರಿ ಬಿಸಿಲಿಲ್ಲ. ಮೇ ತಿಂಗಳ ಎರಿ ನೆಲ ಹಾರೆಯನ್ನೇ ಹಿಂದಕ್ಕೆ ಚಿಮ್ಮಿಸುತ್ತದೆ, ಆಗಸ್ಟ್‌ನಲ್ಲಿ ಸನಿಕೆಗೆ ಮೆತ್ತಿಕೊಂಡು ಬಿಡುವುದಿಲ್ಲ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಭತ್ತದ ಕೊಯ್ಲು ಜೋರಿರುವ ವಾರಗಳಲ್ಲಿ ಆಳು ಸಿಗುವುದು ಕಷ್ಟ, ದಿನ ಹಿಡಿಯುವಾಗ ಅದನ್ನು ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ನೋಡಬೇಕಾದದ್ದು?

ಮೊದಲ ದೊಡ್ಡ ಮಳೆಯಾದ ಎರಡು-ಮೂರು ದಿನಕ್ಕೆ ಬೇಲಿಯ ಸುತ್ತ ಒಂದು ಸುತ್ತು ಬನ್ನಿ. ಕಂಬದ ಬುಡದಲ್ಲಿ ಮಣ್ಣು ಕುಸಿದು ಬಟ್ಟಲಿನಂತಾಗಿದ್ದರೆ ಗರಸು ತುಂಬಿ ತುಳಿಸಿ, ನೀರು ಅಲ್ಲಿ ನಿಲ್ಲಬಾರದು. ಮೂಲೆಕಂಬವನ್ನು ಎರಡೂ ಕೈಯಿಂದ ಅಲುಗಿಸಿ. ಕಂಬ ಮಾತ್ರ ಅಲುಗಿದರೆ ಕಾಂಕ್ರೀಟು ಹಿಡಿದಿಲ್ಲ ಎಂದರ್ಥ, ಕಾಂಕ್ರೀಟು ಸಮೇತ ಅಲುಗಿದರೆ ತಗ್ಗು ಚಿಕ್ಕದು. ಎರಡಕ್ಕೂ ಮದ್ದು ಬೇರೆ ಬೇರೆ: ಮೊದಲನೆಯದಕ್ಕೆ ಆ ಗಡ್ಡೆ ಒಡೆದು ಹೊಸದಾಗಿ ತುಂಬಬೇಕು, ಎರಡನೆಯದಕ್ಕೆ ಪಕ್ಕದಲ್ಲಿ ಅಗಲವಾಗಿ ತೋಡಿ ಇನ್ನಷ್ಟು ಕಾಂಕ್ರೀಟು ಸೇರಿಸಿ ಒರಗುಕಂಬ ಕೊಡಬೇಕು. ಉಳಿಸಿಕೊಂಡ ಹತ್ತರಲ್ಲೊಂದು ಭಾಗವನ್ನು ಈ ಸುತ್ತು ಮುಗಿಸಿ, ಬೇಕಾದ್ದನ್ನು ಸರಿಪಡಿಸಿದ ಮೇಲೆ ಕೊಡಿ.